ಗಿಣ್ಣದ ಹಾಲು ಒಲ್ಲದ ಸರಪಂಚ

ಲಂಚದ ಸುದ್ದಿ ಬಂದಾಗಲೆಲ್ಲ ಟಿ.ವಿ.ಯೊಳಗಿನವರು ಮೇಜು ಕುಟ್ಟುತ್ತಾರೆ, ಟಿ.ವಿ. ನೋಡುವವರು ಹಲ್ಲು ಕಡಿಯುತ್ತಾರೆ. ನನಗೆ ಮಾತ್ರ ಬಾಯಲ್ಲಿ ನೀರೂರುತ್ತದೆ. ನಾಚಿಕೆಗೇಡಿನ ಮಾತೇ ಹೌದು, ಆದರೆ ಮುಚ್ಚಿಟ್ಟು ಏನು ಮಾಡಲಿ? ಬೇರೆಯವರಿಗೆ ಭ್ರಷ್ಟಾಚಾರ ಎಂದರೆ ಸೂಟ್‌ಕೇಸು, ಕೋಟಿ, ಬೇನಾಮಿ ಜಮೀನು. ನನಗೆ ಅದು ಏಲಕ್ಕಿ ಹಾಕಿ ಹಬೆಯಲ್ಲಿ ಬೇಯಿಸಿದ ಗಿಣ್ಣ, ಕುಳ್ಳಿನ ಕೆಂಡದಲ್ಲಿ ಸುಟ್ಟ ಎಳೆ ಜೋಳದ ಸೀತನಿ, ಕೆನೆ ಕಟ್ಟಿದ ಗಡಿಗೆ ಮೊಸರು. ನಾನು ಅದನ್ನೇ ಉಂಡು ಬೆಳೆದವನು. ಉಣ್ಣುವಾಗ ಅದರ ಹೆಸರು ಗೊತ್ತಿರಲಿಲ್ಲ, ಅಷ್ಟೇ.

ನಮ್ಮಪ್ಪ ತೆಲಂಗಾಣದ ಗಡಿಯ ನಾರಾಯಣಖೇಡದಲ್ಲಿ ಗಿರ್ದಾವರ್, ಅಂದರೆ ಕಂದಾಯ ಇನ್‌ಸ್ಪೆಕ್ಟರ್, ಆಗಿದ್ದರು. ಹೊಲದ ಬಾಂದು, ಪಾಣಿ ಪತ್ರಿಕೆ, ಅಣ್ಣ ತಮ್ಮಂದಿರ ಪಾಲು ಎಲ್ಲವೂ ಅವರ ಕಣ್ಣ ಮುಂದೆ ಹಾದುಹೋಗಬೇಕಿತ್ತು. ಆದರೆ ಅಪ್ಪ ಹಣ ಮುಟ್ಟಿದವರಲ್ಲ. "ಸರ್ಕಾರ ಕೊಡೂ ಪಗಾರ ನನಗ ಬೇಕಾದಷ್ಟಾತು" ಎಂದು ಎದೆಯುಬ್ಬಿಸಿ ಹೇಳುತ್ತಿದ್ದರು. ಅದು ನಿಜವೂ ಆಗಿತ್ತು. ಯಾಕೆಂದರೆ ನಮ್ಮ ಮನೆಯಲ್ಲಿ ಪಗಾರ ಖರ್ಚಾಗುವ ಪ್ರಸಂಗವೇ ಬರುತ್ತಿರಲಿಲ್ಲ. ಕಂಗ್ಟಿಯಿಂದ ಮೊಸರು, ನಾಗಲಗಿದ್ದದಿಂದ ಎಳೆ ಜೋಳದ ತೆನೆ, ಯಾವುದೋ ತಾಂಡಾದಿಂದ ಜೇನು, ಸುಗ್ಗಿಯಲ್ಲಿ ಚೀಲಗಟ್ಟಲೆ ತೊಗರಿ. ತಂದವನು ಪಡಸಾಲೆಯಲ್ಲಿ ಕೈಕಟ್ಟಿ ನಿಂತಿರುತ್ತಿದ್ದ. ಅಪ್ಪ ಕನ್ನಡಕದ ಮೇಲಿಂದ ನೋಡಿ, "ಯಾಕ ತಂದ್ಯೋ ತಮ್ಮಾ, ಇದೆಲ್ಲ ನನಗ ಸೇರಂಗಿಲ್ಲ ನೋಡು" ಎಂದು ಗದರುವಷ್ಟರಲ್ಲಿ, ಒಳಗೆ ಅವ್ವ ಗಡಿಗೆ ಬರಿದು ಮಾಡಿ ಬೋರಲು ಹಾಕಿರುತ್ತಿದ್ದಳು. ಅಪ್ಪ ತಾಂಡೂರಿಗೆ ವರ್ಗವಾದ ವರ್ಷ ಊರಿನ ಮನೆಗೆ ಎರಡು ಲಾರಿ ಫರಸಿ ಕಲ್ಲು ಬಂತು. ಯಾರೋ ಕಲ್ಲುಗಣಿಯವರ 'ದೋಸ್ತಿ'. ಬೇಸಿಗೆ ಮಧ್ಯಾಹ್ನ ಆ ತಣ್ಣನೆಯ ನೀಲಿ ಕಲ್ಲಿನ ಮೇಲೆ ಬರಿಮೈಯಲ್ಲಿ ಬಿದ್ದುಕೊಂಡು, ಹೊಟ್ಟೆ ಒಂದು ಕಡೆ ತಂಪಾದ ಮೇಲೆ ಮಗ್ಗುಲು ಬದಲಿಸುತ್ತಿದ್ದ ಸುಖವನ್ನು ನಾನು ಇಂದಿಗೂ ಮರೆತಿಲ್ಲ. ಅಂಥ ನಿದ್ದೆ ಆಮೇಲೆ ಯಾವ ಏಸಿಯಲ್ಲೂ ಬಂದಿಲ್ಲ.

ಇದೆಲ್ಲವೂ ನನ್ನ ಪಾಲಿಗೆ ಸಿಹಿ ನೆನಪಾಗಿಯೇ ಉಳಿಯುತ್ತಿತ್ತು. ಆದರೆ ನನ್ನ ಹೆಂಡತಿ ಶಕುಂತಲೆ ಸರಪಂಚಳಾದಳು.

ಅದು ಆದದ್ದು ಹೀಗೆ. ಜಹೀರಾಬಾದಿನ ಶಾಲೆಯಲ್ಲಿ ಗಣಿತ ಕಲಿಸಿ ನಿವೃತ್ತನಾದ ಮೇಲೆ ನಾನು ಕಂಗ್ಟಿ ಸಮೀಪದ ನಮ್ಮ ಊರಿಗೆ ಬಂದು ನೆಲೆಸಿದೆ. ಆ ಸಲ ಗ್ರಾಮ ಪಂಚಾಯ್ತಿಯ ಸರಪಂಚ ಸ್ಥಾನ ಮಹಿಳೆಗೆ ಮೀಸಲಾಯಿತು. ಶಕುಂತಲೆ ನಿಂತಳು, ಗೆದ್ದಳು. ಊರವರ ಲೆಕ್ಕ ಸರಳವಾಗಿತ್ತು: ಹೆಸರು ಆಕೆಯದು, ಕುರ್ಚಿ ನನ್ನದು. ಸುತ್ತಲಿನ ಊರುಗಳಲ್ಲಿ ಹಾಗೆಯೇ ನಡೆಯುತ್ತದೆ. ನಾನೂ ಒಳಗೊಳಗೇ ಒಂದು ಇಸ್ತ್ರಿ ಅಂಗಿ ತೆಗೆದಿಟ್ಟಿದ್ದೆ, ಸುಳ್ಳು ಯಾಕೆ ಹೇಳಲಿ. ಗೆದ್ದ ದಿನ ಸಂಜೆಯೇ ಶಕುಂತಲೆ ಹಾರ ತೆಗೆದು ಗೂಟಕ್ಕೆ ಹಾಕಿ ಹೇಳಿದಳು: "ಕೇಳ್ರಿ, ಇವತ್ತಿನಿಂದ ಯಾರರೇ ಕೊಟ್ಟಿದ್ದು ಒಂದು ಹುಲ್ಲುಕಡ್ಡಿ ಸುದ್ದಾ ನಮ್ಮ ಹೊಸ್ತಿಲಾ ದಾಟಬಾರದು. ನೀವು ಗಿರ್ದಾವರ್ ಸಾಹೇಬ್ರ ಮಗ ಅದೀರಿ. ನಿಮಗೇ ಮೊದಲು ಹೇಳಾಕತ್ತೀನಿ."

ಆಕೆ ಆಡಿದ್ದನ್ನು ಮಾಡುವವಳು. ಹಾಲಿನವನು ಅಳೆದು ಹಾಕಿದ ಮೇಲೆ ರೂಢಿಯಂತೆ ಒಂದಿಷ್ಟು ಹೆಚ್ಚಿಗೆ ಸುರಿದರೆ "ತೆಗಿ" ಎನ್ನುತ್ತಿದ್ದಳು. ಬಿದ್ದ ಹಾಲನ್ನು ಹೇಗೆ ತೆಗೆಯಬೇಕೆಂದು ತಿಳಿಯದೆ ಅವನು ನನ್ನ ಮುಖ ನೋಡುತ್ತಿದ್ದ. ಪಕ್ಕದ ಮನೆಯ ಸುಶೀಲಬಾಯಿ ಗೋಡೆಯ ಮೇಲಿಂದ ಕರಿಬೇವು ಚಾಚಿದರೆ, "ನಿಮ್ಮ ಮನಿ ಮುಂದಿನ ಗಟಾರದ ಅರ್ಜಿ ಇನ್ನಾ ಅದ" ಎಂದು ಹಿಂದಕ್ಕೆ ಕೊಟ್ಟಳು. ಗಟಾರಕ್ಕೂ ಕರಿಬೇವಿಗೂ ಏನು ಸಂಬಂಧವೆಂದು ಸುಶೀಲಬಾಯಿ ಒಂದು ವಾರ ಮಾತು ಬಿಟ್ಟರು. ನಾವು ಅಷ್ಟೂ ದಿನ ಒಗ್ಗರಣೆಯಲ್ಲಿ ಬರೀ ಸಾಸಿವೆ ಉಂಡೆವು.

ಇಂಥ ಹೊತ್ತಿನಲ್ಲಿ ಕುರಿಗಾರ ಬೀರಪ್ಪನ ಎಮ್ಮೆ ಈಯಿತು.

ಬೀರಪ್ಪನದು ನಮ್ಮ ಓಣಿಯ ತುದಿಯ ಮನೆ. ಬೇಸಿಗೆಯಲ್ಲಿ ಕುರಿಗಳು ನೀರಿಗಾಗಿ ಕೆರೆಯ ತನಕ ನಡೆದು ಸುಸ್ತಾಗುತ್ತವೆ, ಊರ ಹೊರಗಿನ ಬೋರಿನ ಪಕ್ಕ ಒಂದು ತೊಟ್ಟಿ ಕಟ್ಟಿಸಿಕೊಡಿ ಎಂದು ಕುರಿಗಾರರ ಪರವಾಗಿ ಪಂಚಾಯ್ತಿಯಲ್ಲಿ ಕೇಳಿದವನು ಅವನೇ. ಎಮ್ಮೆ ಈದ ಮರುದಿನ ಅವನ ಹೆಂಡತಿ ಮಾಳವ್ವ ಬೋಗುಣಿಯಲ್ಲಿ ಗಿಣ್ಣದ ಹಾಲು ತುಂಬಿ, ಸೆರಗು ಮುಚ್ಚಿ ತಂದಳು. ತೆಲುಗಿನವರು ಜುನ್ನು ಎನ್ನುತ್ತಾರಲ್ಲ, ಅದೇ. ನಮ್ಮ ಕಡೆ ಗಿಣ್ಣದ ಹಾಲನ್ನು ಯಾರೂ ಮಾರುವುದಿಲ್ಲ, ನೆರೆಹೊರೆಗೆ ಹಂಚುತ್ತಾರೆ. ಇಸಿದುಕೊಂಡವರು ಪಾತ್ರೆಯನ್ನು ಬರಿದು ಕಳಿಸುವುದಿಲ್ಲ. ಒಂದು ಹಿಡಿ ಜೋಳವನ್ನೋ ತುಂಡು ಬೆಲ್ಲವನ್ನೋ ಹಾಕಿ ಕೊಡುತ್ತಾರೆ. ಹಾಲು ತುಂಬಿದ ಪಾತ್ರೆ ತುಂಬಿದಂತೆಯೇ ಮರಳುವುದೆಂದರೆ ಎಮ್ಮೆಗೆ ಶಾಪ ಹಾಕಿದ ಹಾಗೆ. ಶಕುಂತಲೆ ಜಹೀರಾಬಾದಿನ ಪೇಟೆಯಲ್ಲಿ ಹುಟ್ಟಿ ಬೆಳೆದವಳು, ತುಂಬಿದ್ದನ್ನು ಮರಳಿಸಿದರೆ ಶಾಪವೆಂಬುದು ಆಕೆಗೆ ಗೊತ್ತಿರಲಿಲ್ಲ. ನನಗೆ ಗೊತ್ತಿತ್ತು. ಆದರೆ ಬಾಗಿಲ ಹಿಂದೆ ನಿಂತ ನನ್ನ ಗಮನವೆಲ್ಲ ಆ ಹಳದಿ ಹಾಲಿನ ಮೇಲಿತ್ತು.

"ಮಾಳವ್ವ, ನಿಮ್ಮ ತೊಟ್ಟಿ ಕೆಲಸ ಪಂಚಾಯ್ತ್ಯಾಗ ಅದ. ಇದು ನನಗ ಬ್ಯಾಡ. ವಾಪಸ್ ಒಯ್ಯಿ."

ಮಾಳವ್ವನ ಮುಖ ಸಣ್ಣಗಾಯಿತು. ಸೆರಗು ಮುಚ್ಚಿಕೊಂಡು ಹೋದಳು. ಬೋಗುಣಿಯ ಬೆನ್ನು ನೋಡುತ್ತ ನಾನೂ ನಿಟ್ಟುಸಿರು ಬಿಟ್ಟೆ.

ಮರುದಿನ ಬೀರಪ್ಪನೇ ಬಂದ, ಕಂಕುಳಲ್ಲಿ ಒಂದು ಹುಂಜ. ಶಕುಂತಲೆ ಹುಂಜವನ್ನೂ ಬೈದಳು, ಬೀರಪ್ಪನನ್ನೂ ಬೈದಳು. ಎರಡು ದಿನ ಬಿಟ್ಟು ಬೆಳಿಗ್ಗೆ ಎದ್ದು ನೋಡಿದರೆ ನಮ್ಮ ಗೇಟಿಗೆ ಒಂದು ಟಗರು ಕಟ್ಟಿತ್ತು. ಸುರುಳಿ ಕೊಂಬು, ಹಣೆಗೆ ಅರಿಶಿನ. ನಾನು ದುಂಡುಮಲ್ಲಿಗೆಗೆ ಪಾತಿ ಮಾಡಿ ಬೆಳೆಸಿದ್ದೆ. ಟಗರು ಅಷ್ಟರಲ್ಲಿ ಅದನ್ನು ಬುಡದ ತನಕ ಮೇಯ್ದು, ಪಂಚಾಯ್ತಿಯ ಕೆಲಸಕ್ಕೆ ಬಂದವರ ಹಾಗೆ ಸಮಾಧಾನದಿಂದ ಮೆಲುಕು ಹಾಕುತ್ತಿತ್ತು.

ಆ ದಿನವೇ ನಾನು ಕ್ಷೌರಕ್ಕೆ ಹೋದೆ. ನಮ್ಮ ಊರಿನ ನರಸಪ್ಪ ಕತ್ತಿಯನ್ನು ಗಂಟಲಿಗೆ ತಾಗಿಸಿದ ಮೇಲೆಯೇ ಮುಖ್ಯ ಪ್ರಶ್ನೆ ಕೇಳುವವನು.

"ಮಾಸ್ತರ್ರ, ಒಂದು ಮಾತು ಕೇಳ್ಲೇನ್ರಿ? ಸರಪಂಚಮ್ಮಗ ಖರೇ ಏನು ಬೇಕಾಗ್ಯಾದ?"

"ಏನೂ ಬ್ಯಾಡೋ ಮಾರಾಯ."

ನರಸಪ್ಪ ಕತ್ತಿ ನಿಲ್ಲಿಸಿ, ದನಿ ತಗ್ಗಿಸಿ, "ಏನೂ ಬ್ಯಾಡ ಅಂದ್ರ ಎಷ್ಟ್ರಿ?" ಎಂದ.

ನಾನು ತಬ್ಬಿಬ್ಬಾದೆ. ಅವನೇ ಮುಂದುವರಿಸಿದ. "ಗಿಣ್ಣ ತಂದ್ರ ಒಲ್ಲೆ ಅಂದ್ರಂತ. ಹುಂಜ ತಂದ್ರ ಒಲ್ಲೆ ಅಂದ್ರಂತ. ಬೀರಪ್ಪ ಬೀಜದ ಟಗರ ಕೊಡೂ ಹಂಗ ಆಗ್ಯಾದ. ಹಿಂದಿನ ಸರಪಂಚ ಪಾಪ, ಒಂದು ಕೋಳ್ಯಾಗ ಮುಗಸ್ತಿದ್ದ. ಬಡವರ ಕಷ್ಟ ಗೊತ್ತಿದ್ದ ಮನಷ್ಯಾ. ಇಷ್ಟು ದೊಡ್ಡ ಬಾಯಿ ನಾವು ನೋಡಿದ್ದಿಲ್ರಿ."

ಅರ್ಧ ಕ್ಷೌರದಲ್ಲೇ ಎದ್ದು ಬರಬೇಕೆನಿಸಿತು. ಅರ್ಧ ಮುಖದಲ್ಲಿ ಹೋಗುವುದು ಹೇಗೆಂದು ಕುಳಿತೆ.

ಮನೆಗೆ ಬಂದು ಹೇಳಿದಾಗ ಶಕುಂತಲೆ ಮೊದಲು ನಕ್ಕಳು, ಆಮೇಲೆ ಅಡುಗೆಮನೆಗೆ ಹೋಗಿ ಅತ್ತಳು. "ಕರಿಬೇವು ಸುದ್ದಾ ಮುಟ್ಟಿಲ್ಲ ನಾ. ನನಗ ದೊಡ್ಡ ಬಾಯಿ ಅಂತಾರಾ?" ಆಕೆ ಗಳಿಸಬೇಕೆಂದಿದ್ದದ್ದು ಒಂದೇ, ಒಳ್ಳೆಯ ಹೆಸರು. ಅದೇ ಓಣಿಓಣಿಯಲ್ಲಿ ಹಾಳಾಗುತ್ತಿತ್ತು. ನನಗೆ ನಿಜವಾಗಿ ಸಂಕಟವಾಯಿತು. ಇಷ್ಟು ವರ್ಷದ ಸಂಸಾರದಲ್ಲಿ ಆಕೆ ಕಣ್ಣೀರು ಹಾಕಿದ್ದು ಕಡಿಮೆ. ಆಗ ಪಾತ್ರೆಯ ವಿಷಯ ಹೇಳಿದೆ. ತುಂಬಿದ್ದು ತುಂಬಿದಂತೆ ಮರಳಿಸಿದರೆ ಏನರ್ಥ ಎಂದೂ ಹೇಳಿದೆ.

"ಇದನ್ನ ಅವತ್ತೇ ಯಾಕ ಹೇಳಲಿಲ್ರಿ?" ಎಂದಳು. ಕಣ್ಣೊರೆಸಿಕೊಂಡು ಹೊರಗೆ ಹೋಗಿ ಟಗರಿನ ಹಗ್ಗ ಬಿಚ್ಚಿದಳು.

ಹಗಲು ಹೊತ್ತು, ನಡು ಓಣಿ. ಮುಂದೆ ಸರಪಂಚ, ಆಕೆಯ ಕೈಯಲ್ಲಿ ಹಗ್ಗ, ಹಗ್ಗದ ತುದಿಗೆ ನಡೆಯಲು ಒಲ್ಲದ ಟಗರು, ಅದನ್ನು ಹಿಂದಿನಿಂದ ನೂಕುತ್ತ ಗಣಿತದ ಮಾಸ್ತರು. ಕಟ್ಟೆಯ ಮೇಲೆ ಕುಳಿತಿದ್ದವರು ಎದ್ದು ನಿಂತು ನಮಸ್ಕಾರ ಮಾಡಿದರು. ಹಿಂದಿನಿಂದ ಒಬ್ಬ ಇನ್ನೊಬ್ಬನಿಗೆ, "ನೋಡೋ, ತಾನಾ ಬಂದು ವಸೂಲಿ ಮಾಡ್ಕೊಂಡು ಹೊಂಟಾಳ" ಎಂದದ್ದು ನನಗೆ ಕೇಳಿಸಿತು. ಆಕೆಗೆ ಕೇಳಿಸಬಾರದೆಂದು ನಾನು ಟಗರನ್ನು ಬೇಕೆಂದೇ ಜೋರಾಗಿ ಬೈದೆ.

ಬೀರಪ್ಪನ ಅಂಗಳದಲ್ಲಿ ಶಕುಂತಲೆ ಹಗ್ಗವನ್ನು ಅವನ ಕೈಗಿಟ್ಟು ನೇರವಾಗಿಯೇ ಕೇಳಿದಳು. "ಟಗರ ಯಾಕ ಕಟ್ಟಿದ್ಯೋ?"

"ಹುಂಜ ಒಲ್ಲೆ ಅಂದ್ರಲ್ರಿ, ಅಕ್ಕೋರ."

"ಹುಂಜ ಯಾಕ ತಂದಿ?"

"ಗಿಣ್ಣ ಒಲ್ಲೆ ಅಂದ್ರಲ್ರಿ."

"ಗಿಣ್ಣ ಯಾಕ ತಂದ್ರಿ?"

ಈ ಸಲ ಉತ್ತರ ಕೊಟ್ಟವಳು ಕೊಟ್ಟಿಗೆಯಿಂದ ಬಂದ ಮಾಳವ್ವ. ಅವಳ ದನಿಯಲ್ಲಿ ಅಳುವಿತ್ತು. "ಎಮ್ಮಿ ಈದಾದ, ಅದಕ್ಕ ತಂದೀನಿ. ಹೋದ ಸರತಿ ಈದಾಗೂ ತಂದಿದ್ನಿ, ಅವಾಗ ನೀವು ಸರಪಂಚ ಇದ್ದಿರೇನ್ರಿ? ಬೋಗುಣಿ ಹಂಗೇ ತಿರುಗಿ ಕಳಸಿದ್ರಿ. ಅವತ್ತಿನಿಂದ ಎಮ್ಮಿ ಹಾಲು ಕಮ್ತಿ ಮಾಡ್ಯಾದ. ನಮ್ಮ ಮ್ಯಾಲ ಅಷ್ಟು ಸಿಟ್ಟು ಯಾಕ್ರಿ?"

ಶಕುಂತಲೆ ಅಲ್ಲೇ ಕಟ್ಟೆಯ ಮೇಲೆ ಕುಳಿತಳು. "ತಪ್ಪಾತು ಮಾಳವ್ವ, ನನಗ ಗೊತ್ತಿರಲಿಲ್ಲ" ಎಂದಳು. ಆಮೇಲೆ ಬೀರಪ್ಪನ ಕಡೆ ತಿರುಗಿ, "ತೊಟ್ಟಿ ಕೆಲಸ ಮೊದಲ್ನೇ ಮೀಟಿಂಗ್‌ದಾಗೇ ಪಾಸ್ ಆಗ್ಯಾದ. ಸೆಕ್ರೆಟರಿ ನಿನಗ ಹೇಳಿಲ್ಲೇನು?" ಎಂದಳು.

"ಹೇಳ್ಯಾನ್ರಿ" ಎಂದ ಬೀರಪ್ಪ. "ಆದ್ರ ಏನೂ ಕೊಡಲಾರದ ಕೆಲಸ ಆಗ್ಯಾದ ಅಂದ್ರ ಯಾರು ನಂಬ್ತಾರ್ರಿ? ಆದದ್ದು ತಿರುಗಿ ಹೋಗಬಾರದಂತ ಟಗರ ಕಟ್ಟಿದ್ನಿ."

ಅವನ ಮಾತಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ನನ್ನ ಮನಸ್ಸು ನಾರಾಯಣಖೇಡಕ್ಕೆ ಓಡಿತು. ನಮ್ಮ ಮನೆಯ ಅಟ್ಟದಲ್ಲಿ ಕಂಡವರ ಗಡಿಗೆ, ಬೋಗುಣಿ, ಡಬ್ಬಿಗಳ ರಾಶಿಯೇ ಇತ್ತು. ಅವ್ವ ಮೊದಮೊದಲು ಜೋಳ ಹಾಕಿ ಕೊಡಲು ಹೋದರೆ, ತಂದವರು "ಬ್ಯಾಡ್ರಿ, ಇರಲ್ರಿ" ಎಂದು ಪಾತ್ರೆಯನ್ನೂ ಬಿಟ್ಟು ಹೋಗುತ್ತಿದ್ದರು. ಬರಬರುತ್ತ ಅವ್ವ ಕೊಡುವುದನ್ನೇ ಬಿಟ್ಟಳು. ಅಪ್ಪ ನಿವೃತ್ತರಾದ ಮೇಲಿನ ಮೊದಲ ಚಳಿಗಾಲ ನನಗೆ ಚೆನ್ನಾಗಿ ನೆನಪಿದೆ. ಸೀತನಿಯ ದಿನಗಳು ಬಂದವು, ಹೋದವು. ಅಪ್ಪ ಪಡಸಾಲೆಯಲ್ಲಿ ಕುಳಿತು ರಸ್ತೆ ನೋಡುತ್ತಿದ್ದರು. ಒಬ್ಬರೂ ಬರಲಿಲ್ಲ. "ಈ ವರ್ಷ ಬೆಳಿ ಸರಿ ಬಂದಿಲ್ಲ ಕಾಣ್ತದ" ಎಂದರು. ಆ ವರ್ಷ ಜೋಳ ಆಳೆತ್ತರ ಬೆಳೆದಿತ್ತು. ಅವ್ವ ಸಂತೆಯಿಂದ ನಾಲ್ಕು ತೆನೆ ತರಿಸಿ ಒಲೆಯಲ್ಲೇ ಸುಟ್ಟು ಕೊಟ್ಟಳು. ಅಪ್ಪ ಅಂಗೈಯಲ್ಲಿ ತಿಕ್ಕಿ ತಿಂದರು. ರುಚಿ ಹೇಗಿದೆ ಎಂದು ನಾವು ಕೇಳಲಿಲ್ಲ. ಅಪ್ಪ ಕೆಟ್ಟವರಾಗಿರಲಿಲ್ಲ. ಜನ ಪ್ರೀತಿಯಿಂದ ತರುತ್ತಾರೆಂದು ಅವರು ಮನಸಾರೆ ನಂಬಿದ್ದರು, ಪಾಪ.

ಮಾಳವ್ವ ಅಷ್ಟರಲ್ಲಿ ಒಳಗಿನಿಂದ ಗಿಣ್ಣ ತಂದಳು. ಆ ದಿನದ ಹಾಲಿನದು, ಬೆಲ್ಲ ಹಾಕಿ ಬೇಯಿಸಿದ್ದು, ಮೇಲೆ ಏಲಕ್ಕಿ. ಶಕುಂತಲೆ ಒಂದು ತುಣುಕು ಬಾಯಿಗೆ ಹಾಕಿಕೊಂಡು, ಮನೆಗೆ ಹೋಗಿ ಒಂದು ಸೇರು ಜೋಳ ಕಳಿಸುತ್ತೇನೆಂದು ಮಾತು ಕೊಟ್ಟಳು. ಸುಶೀಲಬಾಯಿಯ ಕರಿಬೇವನ್ನೂ ಇನ್ನು ಇಸಿದುಕೊಳ್ಳುವುದೆಂದೂ, ಬದಲಿಗೆ ನಿಂಬೆಹಣ್ಣು ಕೊಡುವುದೆಂದೂ ಅಲ್ಲೇ ತೀರ್ಮಾನವಾಯಿತು. ನಾನು ಈ ಧೋರಣೆಯ ವಿಷಯದಲ್ಲಿ ತಲೆ ಹಾಕಲಿಲ್ಲ. ನನ್ನ ತಟ್ಟೆ ಖಾಲಿಯಾಗಿತ್ತು. ಮಾಳವ್ವ ಮತ್ತೆ ಬಡಿಸಿದಳು. ಅದೂ ಖಾಲಿಯಾಯಿತು.

ತೊಟ್ಟಿ ಕಟ್ಟಿ ಮುಗಿಯಿತು. ಮೊದಲ ದಿನ ಕುರಿಗಳು ಸಾಲಾಗಿ ಮೂತಿ ಇಟ್ಟು ನೀರು ಕುಡಿಯುವುದನ್ನು ನೋಡುತ್ತ ಶಕುಂತಲೆ ಬಿಸಿಲಲ್ಲಿ ಬಹಳ ಹೊತ್ತು ನಿಂತಿದ್ದಳು. ಅದರ ಮರುದಿನ ಗ್ರಾಮಸಭೆಯಲ್ಲಿ ಎದ್ದು ನಿಂತು, ಈ ಕೆಲಸಕ್ಕೆ ಯಾರೂ ಯಾರಿಗೂ ಏನೂ ಕೊಟ್ಟಿಲ್ಲ ಎಂದು ಗಟ್ಟಿಯಾಗಿ ಹೇಳಿದಳು. ಜನ ಚಪ್ಪಾಳೆ ತಟ್ಟಿದರು. ಹೊರಗೆ ಬರುವಾಗ ನರಸಪ್ಪ ನನ್ನ ಪಕ್ಕಕ್ಕೆ ಬಂದು ಕಿವಿಯಲ್ಲಿ, "ಎಲ್ಲಾ ಗೊತ್ತದ ಬಿಡ್ರಿ ಮಾಸ್ತರ್ರ. ಟಗರ ತನಕ ಹೋದದ್ದು ನೀವು ಗಿಣ್ಣದಾಗ ಮುಗಿಸಿಬಿಟ್ರಂತ. ಊರೆಲ್ಲ ನಿಮ್ಮ ಹೆಸರು ಹೇಳಾಕತ್ಯಾದ, ಭಾಳ ಸಸ್ತಾ ಮನಷ್ಯಾ ಅಂತ" ಎಂದ.

ಇದನ್ನು ಕೇಳಿ ಶಕುಂತಲೆ ತಲೆ ಚಚ್ಚಿಕೊಂಡಳು. "ನಾ ಒಂದು ತುಣುಕು ತಿಂದೀನಿ. ಎರಡು ತಾಟು ತಿಂದು ರೇಟು ಗೊತ್ತು ಮಾಡ್ದವರು ನೀವು" ಎಂದಳು. ಅಂದಿನಿಂದ ಊರಲ್ಲಿ ಯಾರ ಎಮ್ಮೆ ಈದರೂ ಮೊದಲು ನನಗೆ ಕರೆ ಬರುತ್ತದೆ. ಹೋಗಬಾರದೆಂದು ಹೆಂಡತಿಯ ಕಟ್ಟಪ್ಪಣೆಯಿದೆ, ನಾನೂ ಹೋಗುವುದಿಲ್ಲವೆಂದು ನಿಶ್ಚಯ ಮಾಡಿಕೊಂಡೇ ಇರುತ್ತೇನೆ. ಆದರೆ ನಮ್ಮ ಊರಿನಲ್ಲಿ ಒಲ್ಲೆ ಎಂದರೆ ಜನ ಟಗರು ತಂದು ಕಟ್ಟುತ್ತಾರೆ. ಬಡವರಿಗೆ ಅಂಥ ನಷ್ಟವಾಗಬಾರದೆಂಬ ಒಂದೇ ಕಾಳಜಿಯಿಂದ, ಹಿತ್ತಲ ಬಾಗಿಲಿನಿಂದ, ಆಗಾಗ ಹೋಗಿಬರುತ್ತೇನೆ.