ಹುಮೈದ್ ತೋಟ ನೋಡಿಕೊಂಡ ವರ್ಷ

"ನೀನು ಸುಮ್ನೆ ಮಲಗಿರು ಜುವೈನಾ! ನಾನೂರು ಸಿಪಾಯಿಗಳಿಗೆ ಅಡುಗೆ ಮಾಡಿ ಹಾಕಿದವನು ನಾನು. ಹನ್ನೊಂದು ದಾಳಿಂಬೆ ಮರ ಒಂದು ಲೆಕ್ಕಾನಾ?"

ಹುಮೈದ್ ಹೀಗೆಂದು ಗರ್ಜಿಸಿದಾಗ ಅವನ ಹೆಂಡತಿ ಸೊಂಟದ ಮೂಳೆ ಮುರಿದುಕೊಂಡು ಹಾಸಿಗೆ ಹಿಡಿದಿದ್ದಳು. ಜಬಲ್ ಅಖ್ದರ್ ಬೆಟ್ಟದ ಕಡಿದಾದ ಇಳಿಜಾರಿನಲ್ಲಿ ಆ ತೋಟವನ್ನು ಮೆಟ್ಟಿಲು ಮೆಟ್ಟಿಲಾಗಿ ಕಟ್ಟಿದವನು ಅವಳ ಅಪ್ಪ. ಸಾಯುವಾಗ ಮಗಳಿಗೆ ಬಿಟ್ಟುಹೋದದ್ದು ಅದೊಂದೇ. ಮಳೆ ಕೈಕೊಟ್ಟು ಆಗಲೇ ಮೂರು ವರ್ಷವಾಗಿತ್ತು.

ವಸಂತದಲ್ಲಿ ಗುಲಾಬಿ ಬಿಟ್ಟಿತು. ಬಿಸಿಲೇರುವ ಮುಂಚೆ ಬಿಡಿಸಬೇಕಾದ ಹೂವನ್ನು ನಮ್ಮ ವೀರಾಗ್ರಣಿ ಖರ್ಜೂರ ತಿಂದು, ಮೂರು ಬಟ್ಟಲು ಕಾಫಿ ಕುಡಿದು, ಸಾವಕಾಶವಾಗಿ ಬಿಡಿಸಿದ. ಬಿಸಿಲಿಗೆ ಪರಿಮಳ ಹಾರಿಹೋಗಿ, ಭಟ್ಟಿ ಇಳಿಸಿದರೆ ಪನ್ನೀರಿನಲ್ಲಿ ಇದ್ದದ್ದು ಬರೀ ಹೊಗೆಯ ವಾಸನೆ! ಅಷ್ಟನ್ನೂ ಚೆಲ್ಲಿ ಮನೆಗೆ ಬಂದ.

"ಪನ್ನೀರು ಹೇಗಾಯ್ತು?" ಎಂದಳು ಜುವೈನಾ.

"ಅಮೋಘ! ಜನ ಮುಗಿಬಿದ್ದು ಒಯ್ದರು. ತೋಟ ತುಂಬಾ ಚೆನ್ನಾಗಿದೆ."

ಬೇಸಿಗೆಗೆ ಕಾಲುವೆ ದಾರದಷ್ಟು ಸಣ್ಣಗಾಯಿತು. ಹನ್ನೆರಡು ದಿನಕ್ಕೊಮ್ಮೆ ನೀರಿನ ಸರದಿ. ಮಸೀದಿಯೆದುರು ನೆಟ್ಟ ಕೋಲಿನ ನೆರಳು ಒಂದು ಕಲ್ಲಿನಿಂದ ಮುಂದಿನ ಕಲ್ಲಿಗೆ ಸರಿಯುವಷ್ಟು ಹೊತ್ತು ಮಾತ್ರ. ಹುಮೈದನಿಗೆ ನೆರಳು ನೋಡುವುದು ಅವಮಾನ! ವಸಂತದಲ್ಲಿ ಹತ್ತು ಗಂಟೆಗೆ ಸಿಗುತ್ತಿದ್ದ ನೀರಿಗೆ ನಡು ಬೇಸಿಗೆಯಲ್ಲೂ ಕೈಗಡಿಯಾರ ನೋಡಿಕೊಂಡು ಹತ್ತಕ್ಕೇ ಹೋದ. ಬೇಸಿಗೆಯ ನೆರಳು ಅವನ ಕಲ್ಲನ್ನು ಬೇಗನೆ ದಾಟಿಹೋಗಿತ್ತು; ನೀರು ಹಂಚುವ ಮುದುಕ ಸುಲೈಯಿಮ್ ಆಗಲೇ ಮುಂದಿನವರ ತೋಟಕ್ಕೆ ಮಡೆ ತಿರುಗಿಸಿದ್ದ.

"ಸರಿಯಾಗಿ ಹತ್ತು ಗಂಟೆ! ನೋಡು!"

"ಸೂರ್ಯ ಏನು ನಿನ್ನ ಗಡಿಯಾರ ಕೇಳ್ಕೊಂಡು ನಡೀತಾನೇನೋ? ಹೋಗು, ಇನ್ನು ಹನ್ನೆರಡು ದಿನಕ್ಕೆ ಬಾ."

ಆ ಹನ್ನೆರಡು ದಿನದಲ್ಲಿ ಎಲೆಗಳು ಮುದುಡಿದವು. ಗಾಬರಿಬಿದ್ದ ಹುಮೈದ್ ಹಾಲು ಕೊಡುವ ಮೇಕೆಯನ್ನೇ ಒಪ್ಪಿಸಿ, ಇಬ್ಬರು ನೆರೆಯವರ ಸರದಿಯನ್ನೂ ಪಡೆದು, ಮೂರು ಸರದಿಯ ನೀರನ್ನು ಒಂದೇ ಸಲ ಬಿಟ್ಟ. ಬಾಯಾರಿದ ಮರಗಳು ಕಂಠಪೂರ್ತಿ ಕುಡಿದವು. ಮೂರನೇ ದಿನ ಕಾಯಿಗಳೆಲ್ಲ ಸಿಡಿದು ಬಾಯಿ ಬಿಟ್ಟವು! ನಾಲ್ಕನೇ ದಿನ, ತೋಟದ ಮಣ್ಣು ಹಿಡಿದಿದ್ದ ಕಲ್ಲುಕಟ್ಟೆ ನೆನೆದು ಕುಸಿದು ಏಳು ಮರಗಳನ್ನು ಕಣಿವೆಗೆ ಎಳೆದುಕೊಂಡು ಹೋಯಿತು. ನಾನೂರು ಸಿಪಾಯಿಗಳ ಅನ್ನದಾತ ಅಲ್ಲೇ ಕುಸಿದು ಕುಳಿತ.

ಶರತ್ಕಾಲಕ್ಕೆ ಪಕ್ಕದ ಊರಿನಿಂದ ಒಂದು ಬುಟ್ಟಿ ದಾಳಿಂಬೆ ತಂದು, ತಾನೇ ಬಿಡಿಸಿ ಹೆಂಡತಿಯ ಮುಂದಿಟ್ಟ.

"ನಮ್ಮ ಮರದ್ದೇನಾ?"

"ಮತ್ತೆ? ತೋಟ ಈಗಂತೂ ತುಂಬಾ ಚೆನ್ನಾಗಿದೆ!"

ಅವಳು ಒಂದೊಂದೇ ಕಾಳು ಆರಿಸಿ ತಿಂದಳು.

ಚಳಿಗಾಲದಲ್ಲಿ ಒಂದು ಬೆಳಿಗ್ಗೆ, ಅವನು ಬೇಡವೆಂದರೂ ಕೇಳದೆ, ಜುವೈನಾ ಕೋಲೂರಿಕೊಂಡು ತೋಟಕ್ಕಿಳಿದಳು. ಕಟ್ಟೆಯಿದ್ದ ಜಾಗದಲ್ಲಿ ಆಕಾಶವಿತ್ತು. ಉಳಿದ ನಾಲ್ಕು ಮರಗಳಲ್ಲಿ ಎರಡು ಹಿಮಕ್ಕೆ ಕರಕಾಗಿದ್ದವು. ಹುಮೈದ್ ತಲೆ ತಗ್ಗಿಸಿ ಬೈಗುಳಕ್ಕೆ ಕಾದ.

"ನನಗೆ ಗೊತ್ತಿತ್ತು," ಎಂದಳು ಅವಳು.

"ಯಾರು ಹೇಳಿದರು? ಆ ಸುಲೈಯಿಮನಾ?"

"ನೀವೇ ಹೇಳಿದ್ದು, ನಮ್ಮ ರಾಶಿದನ ಅಪ್ಪ. ಮದುವೆಯಾಗಿ ಮೂವತ್ತೊಂದು ವರ್ಷದಲ್ಲಿ ಒಂದು ದಿನಾನಾದ್ರೂ ಈ ತೋಟ ಚೆನ್ನಾಗಿದೆ ಅಂದಿದ್ರಾ? ಈ ವರ್ಷ ದಿನಾ ಅಂದ್ರಿ. ನಾನು ಗುಲಾಬಿ ಕಾಲದಲ್ಲೇ ಅತ್ತು ಮುಗಿಸಿದೀನಿ. ಈಗ ನೀವು ಅಳಿ. ಆಮೇಲೆ ಕಣಿವೆಗಿಳಿದು ಕಲ್ಲು ಹೊತ್ಕೊಂಡು ಬನ್ನಿ."