ಬಳ್ಳಿಗೆ ಶಿಸ್ತು ಕಲಿಸಿದ್ದು

ಸಮಯ: ಬೆಳಗಿನ ಆರೂವರೆ. ಹವೆ: ಜೋಗಿಮಟ್ಟಿಯ ಮೇಲೆ ಮೋಡ, ಚಿತ್ರದುರ್ಗದ ಮೇಲೆ ಬರೀ ಗಾಳಿ. ಹಾಜರಿದ್ದವರು: ನಾನು, ನನ್ನ ಪತ್ನಿ, ಮಾಡದಕೆರೆಯಿಂದ ಬಂದಿದ್ದ ಆಕೆಯ ತಮ್ಮ, ಮತ್ತು ಕಾಂಪೌಂಡ್ ಗೋಡೆಯ ಆಚೆ ಚಹಾದ ಲೋಟ ಹಿಡಿದು ನಿಂತಿದ್ದ ನೆರೆಮನೆಯ ಸಾಹೇಬರು. ಆರೋಪಿ: ಒಂದು ಬಳ್ಳಿ.

ಆರೋಪ ಸ್ಪಷ್ಟವಾಗಿತ್ತು. ಎರಡು ವರ್ಷ ಅಂಗಳವನ್ನೆಲ್ಲ ಆಕ್ರಮಿಸಿಕೊಂಡೂ ಅದು ಒಂದೇ ಒಂದು ಹಣ್ಣು ಕೊಟ್ಟಿರಲಿಲ್ಲ. ನನ್ನ ಪತ್ನಿ ಗಡುವು ವಿಧಿಸಿದ್ದಳು: "ದಸರೆಯೊಳಗೆ ಒಂದು ಹಣ್ಣು ತೋರಿಸ್ರಿ. ಇಲ್ಲಾಂದ್ರೆ ಬುಡಕ್ಕೇ ಕಡಿಸಿ, ಅಲ್ಲಿ ಬಟ್ಟೆ ಒಣಗಾಕೋ ತಂತಿ ಕಟ್ಟಿಸ್ತೀನಿ." ಈ ವಿಚಾರಣೆಯ ಮಾರನೆಯ ದಿನವೇ ಹಬ್ಬ. ನಾನು ಹೊಳಲ್ಕೆರೆಯಲ್ಲಿ ಪ್ರೌಢಶಾಲೆಯೊಂದರ ಮುಖ್ಯೋಪಾಧ್ಯಾಯನಾಗಿದ್ದವನು. ಒಮ್ಮೆ ಸೇರಿಸಿಕೊಂಡ ಯಾರನ್ನೂ ನಡುವಿನಲ್ಲಿ ಹೊರಗೆ ಹಾಕಿದವನಲ್ಲ. ಬಳ್ಳಿ ಉಳಿಯಬೇಕೆಂಬುದೇ ನನ್ನ ನಿಲುವು. ಬಳ್ಳಿ ಸಾಕಿದ ಮನೆಯಲ್ಲಿ ಇಂಥ ಪ್ರಸಂಗಗಳು ತಪ್ಪುವುದಿಲ್ಲ. ವಿಚಾರಣೆಯ ವಿವರಕ್ಕೆ ಮೊದಲು, ಹಿಂದಿನದನ್ನು ಕ್ರಮವಾಗಿ ಹೇಳುತ್ತೇನೆ.

೧. ಪ್ರವೇಶ

ನಾನು ಮೊದಲು ಬಯಸಿದ್ದು ಕೀವಿ ಹಣ್ಣಿನ ಬಳ್ಳಿಯನ್ನು. ಹಿರಿಯೂರಿನ ನರ್ಸರಿಯವನನ್ನು ಕೇಳಿದೆ. ಅವನು ಟವೆಲಿನಿಂದ ಕತ್ತು ಒರೆಸಿಕೊಂಡ.

"ಕೀವಿನಾ? ಈ ಬಿಸ್ಲಿಗೆ ನಾವೇ ಬಾಡ್ತಾ ಇದೀವಿ ಸಾರ್. ಅದು ಚಳಿ ಸೀಮೇದು. ಪ್ಯಾಶನ್ ಹಣ್ಣು ತಗಂಡೋಗ್ರಿ, ಶರಬತ್ತಿಗೆ ಬಾಳ ಚೆನ್ನಾಗಿರ್ತೈತೆ."

"ಎಷ್ಟು ಉದ್ದ ಬೆಳೆಯುತ್ತದೆ?"

"ನೀವು ಬಿಟ್ಟಷ್ಟು ಸಾರ್."

"ನಾನು ಬಿಡುವುದಿಲ್ಲ."

ಅವನು ಒಮ್ಮೆ ನನ್ನನ್ನು ನೋಡಿದ, ಒಮ್ಮೆ ಗೇಣುದ್ದದ ಸಸಿಯನ್ನು ನೋಡಿದ. ಸಸಿಯನ್ನು ನನ್ನ ಕೈಗಿಡುವಾಗ ಅದಕ್ಕೇ ಹೇಳಿದ: "ಹೋಗಪ್ಪ, ಹುಷಾರಾಗಿರು."

೨. ಗೇಟಿನ ಹೊರಗೆ

ಕಲ್ಲುಕಂಬ ನೆಡಿಸಿದೆ. ತಂತಿ ಎಳೆಸಿದೆ. ನಿಯಮಗಳನ್ನು ಗೊತ್ತುಮಾಡಿದೆ: ಕಾಂಡ ಒಂದು, ತೋಳು ಎರಡು, ತಂತಿಯ ಆಚೀಚೆ ತಲೆಹಾಕಿದ ಚಿಗುರು ಅಂದೇ ಕತ್ತರಿಗೆ. ನಾನು ಇರುವಷ್ಟು ದಿನ ಬಳ್ಳಿ ನೇರವಾಗಿ ನಿಂತಿತ್ತು. ಮಳೆಗಾಲದಲ್ಲಿ ಸಿರಿಗೆರೆಯ ಕಡೆ ಬಂಧುಗಳ ಮದುವೆಗೆ ಹೋಗಿ, ಅವರ ಒತ್ತಾಯಕ್ಕೆ ವಾರ ಕಳೆದು ಹಿಂತಿರುಗಿದೆವು. ಗೇಟು ತೆರೆಯಲಿಲ್ಲ. ಬಳ್ಳಿ ಕಂಬದಿಂದಿಳಿದು, ಗೇಟಿನ ಎರಡು ಬಾಗಿಲುಗಳನ್ನೂ ಸೇರಿಸಿ ತನ್ನ ಕುಡಿಗಳಿಂದ ಬಿಗಿದಿತ್ತು.

ಚೀಲ ಹಿಡಿದು ಬೀದಿಯಲ್ಲಿ ನಿಂತಿದ್ದೆವು. ಸಾಹೇಬರು ತಮ್ಮ ಹಾಸಿಗೆ ಅಂಗಡಿಗೆ ಹೊರಟವರು ಸ್ಕೂಟರು ನಿಲ್ಲಿಸಿದರು.

"ಏನ್ ಮೇಷ್ಟ್ರೇ, ನಿಮ್ಮನೆ ಮುಂದೆ ನೀವೇ ನಿಂತ್ಕಂಡಿದೀರಿ?"

"ಬಳ್ಳಿ ಒಳಗೆ ಬಿಡುತ್ತಿಲ್ಲ."

ಸಾಹೇಬರು ಗೇಟನ್ನು ಕೂಲಂಕಷವಾಗಿ ಪರಿಶೀಲಿಸಿದರು. "ತಡವಾಗಿ ಬಂದೋರ್ನ ಗೇಟಿನ ಹೊರಗೆ ನಿಲ್ಸೋದು ನಿಮ್ಮ ರೂಲ್ಸೇ ಅಲ್ವೇನ್ರಿ? ಚೆನ್ನಾಗಿ ಕಲ್ತೈತೆ ಬಿಡ್ರಿ."

೩. ಹಳೆಯ ವಿದ್ಯಾರ್ಥಿ

ಒಂದು ಸಂಜೆ ಮನೆಯ ದೀಪಗಳು ಮಿಣುಕತೊಡಗಿದವು. ದೂರು ಕೊಟ್ಟೆ. ಬಂದ ಲೈನ್‌ಮನ್ ನನ್ನ ಹಳೆಯ ವಿದ್ಯಾರ್ಥಿ. ನನ್ನನ್ನು ಕಂಡವನೇ ಅಂಗಿಯ ಮೇಲಿನ ಗುಂಡಿ ಹಾಕಿಕೊಂಡ. ತಲೆಯೆತ್ತಿ ನೋಡಿದರೆ, ಬಳ್ಳಿಯ ಒಂದು ತೋಳು ವಿದ್ಯುತ್ ಕಂಬದ ನೆತ್ತಿ ಮುಟ್ಟಿತ್ತು.

"ಸಾರ್, ಇದನ್ನ ಕಡೀಬೇಕಾಗ್ತೈತೆ."

"ಯಾವ ಅಪರಾಧಕ್ಕೆ?"

"ಕಂಬ ಹತ್ತೈತೆ ಸಾರ್."

"ನೀನು ಶಾಲೆಯ ಹಿಂದಿನ ಹುಣಸೆಮರ ಹತ್ತಿದಾಗ ನಾನೇನು ಮಾಡಿದೆ?"

ಅವನು ನೆಲ ನೋಡಿದ. "ಕೆಳಗಿಳಿಸಿ ಬುದ್ಧಿ ಹೇಳಿದ್ರಿ ಸಾರ್."

"ಕಡಿದೆನೆ?"

"ಇಲ್ಲ ಸಾರ್."

"ಹಾಗಾದರೆ ಇದನ್ನೂ ಇಳಿಸು."

ಲೈನ್ ಬಂದ್ ಮಾಡಿಸಿ, ಏಣಿ ಹಾಕಿ, ಒಂದೊಂದೇ ಕುಡಿಯನ್ನು ಬಿಡಿಸುತ್ತ ಅವನು ಬಹಳ ಹೊತ್ತು ಮೇಲೆಯೇ ಇದ್ದ. ಬೀದಿಗೆ ಬೀದಿಯೇ ಕರೆಂಟಿಲ್ಲದೆ ಹೊರಬಂದು ನಿಂತಿತು. ಎದುರುಮನೆಯವರು ಕೂಗಿ ಕೇಳಿದರು: "ಏನಪ್ಪಾ, ಇನ್ನೂ ಎಷ್ಟೊತ್ತು?"

ಅವನು ಮೇಲಿನಿಂದಲೇ ಉತ್ತರಿಸಿದ: "ನಂಗೇನ್ ಕೇಳ್ತೀರ್ರಿ, ಹೆಡ್ ಮಾಸ್ಟ್ರನ್ನ ಕೇಳ್ರಿ! ಅವರು ಬೆಲ್ ಹೊಡಿಯೋ ತನ್ಕ ನಾನು ಇಳ್ಯಂಗಿಲ್ಲ!"

೪. ವಿಚಾರಣೆ

ಈಗ ಆ ಬೆಳಗಿಗೆ ಬರುತ್ತೇನೆ. ಹಣ್ಣು ಬಿಡದ ಮರವನ್ನು ಹೆದರಿಸುವ ಒಂದು ಪದ್ಧತಿ ನನ್ನ ಭಾವಮೈದುನನ ಊರಿನಲ್ಲಿದೆ. ಒಬ್ಬ ಕುಡುಗೋಲೆತ್ತಿ "ಕಡಿದುಬಿಡುತ್ತೇನೆ" ಎಂದು ಗದರಬೇಕು. ಇನ್ನೊಬ್ಬರು ಅಡ್ಡಬಂದು "ಬಿಟ್ಟುಬಿಡಿ, ಬರುವ ವರ್ಷ ಕಾಯಿ ಬಿಡುತ್ತದೆ" ಎಂದು ಅದರ ಪರವಾಗಿ ಬೇಡಿಕೊಳ್ಳಬೇಕು. ಮರಕ್ಕೆ ಭಯವೂ ಆಗುತ್ತದೆ, ಮರ್ಯಾದೆಯೂ ಉಳಿಯುತ್ತದೆ. ನನ್ನ ವೃತ್ತಿಜೀವನವೆಲ್ಲ ಇದೇ ಕ್ರಮದಲ್ಲಿ ನಡೆದಿದ್ದರಿಂದ ನಾನು ಕೂಡಲೇ ಒಪ್ಪಿದೆ.

ಭಾವಮೈದುನ ಪಾತ್ರಗಳನ್ನು ಹಂಚಿದ. "ಭಾವ, ನೀವು ಗದರ್ಸ್ರಿ. ಅಕ್ಕಾ, ನೀನು ಅಡ್ಡ ಬಾ."

ನಾನು ಕುಡುಗೋಲೆತ್ತಿದೆ. ಶಾಲೆಯ ಮೈದಾನದ ಕೊನೆಯವರೆಗೆ ಕೇಳುತ್ತಿದ್ದ ಆ ಧ್ವನಿಯಲ್ಲಿ ಹೇಳಿದೆ: "ಎರಡು ವರ್ಷ ಅವಕಾಶ ಕೊಟ್ಟಿದ್ದೇನೆ! ಇನ್ನು ಸಾಧ್ಯವಿಲ್ಲ! ಕಡಿದುಹಾಕುತ್ತೇನೆ!" ಬೀದಿಯ ಮರದ ಮೇಲಿದ್ದ ಕಾಗೆಗಳು ಹಾರಿಹೋದವು.

ಪತ್ನಿ ಸೆರಗು ಸಿಕ್ಕಿಸಿಕೊಂಡು ಸುಮ್ಮನೆ ನಿಂತಿದ್ದಳು.

"ಅಕ್ಕಾ, ಹೇಳು!"

"ಏನ್ ಹೇಳೋದು? ಕಡೀರಿ ಅಂತಾನೆ ನಾನೂ ಹೇಳ್ತಿರೋದು."

"ಹಂಗಲ್ಲಕ್ಕಾ, ನೀನು ಬ್ಯಾಡ ಅನ್ಬೇಕು!"

"ದೇವರು ಮೆಚ್ಚಲ್ಲ ಕಣೋ, ನಾನು ಸುಳ್ಳು ಹೇಳಲ್ಲ. ರೀ, ಕೈ ನೋಯ್ತದೆ, ಬೇಗ ಕಡೀರಿ."

ನನ್ನ ಕೈ ಮೇಲೆಯೇ ಇತ್ತು. ಎತ್ತಿದ ಕೈಯನ್ನು ಕಾರಣವಿಲ್ಲದೆ ಇಳಿಸುವುದು ನನ್ನ ಅಭ್ಯಾಸವಲ್ಲ. ಬಳ್ಳಿಯ ಪರ ಮಾತಾಡುವವರು ಬಾರದಿದ್ದರೆ ಕಡಿಯುವುದೊಂದೇ ಉಳಿದಿತ್ತು. ಬುಡದ ಮೇಲೆ ಕಣ್ಣಿಟ್ಟೆ.

ಆಗ ಗೋಡೆಯಾಚೆ ಲೋಟ ಬಿದ್ದ ಸದ್ದಾಯಿತು. "ಅರೆ, ಬ್ಯಾಡ್ರಿ ಮೇಷ್ಟ್ರೇ! ಬಿಟ್ಬಿಡ್ರಿ! ನಾನು ಜಾಮೀನು!" ಎನ್ನುತ್ತ ಸಾಹೇಬರು ಎರಡೂ ಕೈಗಳನ್ನು ಗೋಡೆಯ ಮೇಲಿಂದ ಚಾಚಿದರು.

"ಸಿಕ್ಕಿದ್ರು ನೋಡ್ರಿ ಭಾವ! ಈಗ ಕೇಳ್ರಿ, ಬರೋ ವರ್ಷ ಕಾಯಿ ಬಿಡ್ತೈತಾ ಅಂತ."

ನಾನು ಕ್ರಮಪ್ರಕಾರ ಕೇಳಿದೆ: "ಸಾಹೇಬರೇ, ಇದು ಬರುವ ವರ್ಷ ಕಾಯಿ ಬಿಡುತ್ತದೆಯೆ?"

"ಬರೋ ವರ್ಷ ಯಾಕ್ರಿ, ಈಗ್ಲೇ ಒಂದು ಬುಟ್ಟಿ—" ಎಂದವರು ಬಾಯಿಯ ಮೇಲೆ ಕೈಯಿಟ್ಟುಕೊಂಡರು.

ನಾನು ಕುಡುಗೋಲು ಇಳಿಸಿದೆ. "ಈಗಲೇ ಏನು?"

ಸಾಹೇಬರ ಕಣ್ಣು ತಮ್ಮ ಹಿತ್ತಲಿನ ಕಡೆ ಓಡಿತು. ಮೂವರೂ ಸಾಹೇಬರ ಮನೆಯ ಹಿತ್ತಲಿಗೆ ಹೋದೆವು. ಹಾಸಿಗೆಯ ಹತ್ತಿ ತುಂಬಿಡುವ ಅವರ ತಗಡಿನ ಶೆಡ್ಡಿನ ಮೇಲೆ, ನನ್ನ ಕಣ್ಣು ತಪ್ಪಿಸಿ ಗೋಡೆ ದಾಟಿದ ಬಳ್ಳಿ ಯಾವ ಕಂಬವೂ ತಂತಿಯೂ ಇಲ್ಲದೆ ಕಾಲು ಚಾಚಿ ಮಲಗಿತ್ತು. ಎಲೆಗಿಂತ ಹಣ್ಣೇ ಹೆಚ್ಚು.

"ನೋಡ್ರಿ ಭಾವ," ಎಂದ ಭಾವಮೈದುನ, ಮೈಯೆಲ್ಲ ಪುಳಕಗೊಂಡು, "ಹೆದರ್ಸಿದ್ದಕ್ಕೆ ಎಷ್ಟು ಬೇಗ ಬಿಟ್ಬಿಡ್ತು!"

"ನನಗೇಕೆ ಹೇಳಲಿಲ್ಲ?" ಎಂದು ಸಾಹೇಬರನ್ನು ಕೇಳಿದೆ.

"ಹೇಳಿದ್ರೆ ಕತ್ರಿ ತಗಂಡು ಇಲ್ಲಿಗೂ ಬರ್ತಿದ್ರಲ್ಲ ಮೇಷ್ಟ್ರೇ! ಅದು ಹೂವು ಬಿಡೋದೇ ಹೊಸ ಚಿಗುರಲ್ಲಿ. ನಿಮ್ಮ ಕಡೆ ಚಿಗುರು ತಲೆ ಎತ್ತಂಗೇ ಇಲ್ಲ."

ಅವರ ಮಾತನ್ನು ನಾನು ಮನಸ್ಸಿನಲ್ಲಿ ಪರೀಕ್ಷಿಸಿದೆ. ತಪ್ಪು ಕಾಣಲಿಲ್ಲ. ಪತ್ನಿ ಒಂದು ಹಣ್ಣನ್ನು ಕಿತ್ತು, ಒಡೆದು, ನಾಲಿಗೆಗಿಟ್ಟು, ಇನ್ನೊಂದಕ್ಕೆ ಕೈಚಾಚಿದಳು. ಬಟ್ಟೆಯ ತಂತಿಯ ವಿಷಯ ಅವಳೂ ಎತ್ತಲಿಲ್ಲ. ಆದರೂ ಬಳ್ಳಿ ಯಾರದು, ಹಣ್ಣು ಯಾರದು, ಗಡುವು ಮೀರಿತೋ ಇಲ್ಲವೋ ಎಂಬುದು ಇತ್ಯರ್ಥವಾಗಬೇಕಿತ್ತು. ನಾನು ಬಾಯಿ ತೆರೆಯುವುದರೊಳಗೆ, ಬಾಗಿಲ ಬಳಿ ಅಕ್ಕಿ ಆರಿಸುತ್ತ ಕುಳಿತಿದ್ದ ಸಾಹೇಬರ ವೃದ್ಧ ತಾಯಿ ಮೊರವನ್ನು ಪಕ್ಕಕ್ಕಿಟ್ಟು, ಗಟ್ಟಿಯಾಗಿ ತೀರ್ಪು ಹೇಳಿದರು:

"ಅದು ನಿಮ್ಮನೇಲಿ ಓದ್ತು, ನಮ್ಮನೇಲಿ ಸಂಸಾರ ಮಾಡ್ತು. ಮಕ್ಕಳು ಮರಿ ಆದ್ಮೇಲೆ ಯಾವ ಹೆಡ್ ಮಾಸ್ಟ್ರೂ ವಾಪಸ್ ಸ್ಕೂಲಿಗೆ ಕರ್ಕಂಡೋಗಂಗಿಲ್ಲ. ಕುಡುಗೋಲು ಅತ್ಲಾಗಿಟ್ಟು ಎಲ್ರೂ ಬರ್ರಿ, ಶರಬತ್ತು ಕುಡಿಯಾಣ!"