ಭಾವನ ಪಾತಾಳಗರಡಿ

ನಮ್ಮ ಭಾವ ಲೋಕವ್ಯವಹಾರವನ್ನೆಲ್ಲ ಕಲಿತದ್ದು ಕ್ರಿಮಿಗಳಿಂದ! ಹೀಗೆಂದರೆ ನೀವು ನಗುತ್ತೀರಿ. ನಗಿ, ಅಡ್ಡಿಯಿಲ್ಲ. ನಮ್ಮಕ್ಕ ಮಾತ್ರ ಅವರನ್ನು ಕಟ್ಟಿಕೊಂಡಂದಿನಿಂದ ಇದೇ ಕಾರಣಕ್ಕೆ ಒಂದು ದಿನ ನಗುತ್ತ, ಮೂರು ದಿನ ಹಣೆ ಚಚ್ಚಿಕೊಳ್ಳುತ್ತ ಸಂಸಾರ ಮಾಡಿದಳು.

ಭಾವ ಮದ್ದೂರಿನಲ್ಲಿ ವಿಜ್ಞಾನದ ಮೇಷ್ಟ್ರು. ಯುದ್ಧ ನಡೆಯುತ್ತಿದ್ದ ಕಾಲ. ನಾನು ಅಲ್ಲೇ ಬೆಲ್ಲದ ಮಂಡಿಯಲ್ಲಿ ಕೆಲಸಕ್ಕಿದ್ದು ಅಕ್ಕನ ಮನೆಯಲ್ಲಿ ಉಣ್ಣುತ್ತಿದ್ದೆ. ಊಟವೇನೋ ಪುಕ್ಕಟೆ, ಆದರೆ ಭಾವನ ಉಪನ್ಯಾಸ ಕಡ್ಡಾಯ! ಹುಳಿ ಬಂದ ಮಜ್ಜಿಗೆಯನ್ನು ಅಕ್ಕ ಚೆಲ್ಲಲು ಹೋದರೆ ಇವರು ಕೈ ಅಡ್ಡ ಹಿಡಿಯುತ್ತಿದ್ದರು.

"ಚೆಲ್ಲಬೇಡವೇ! ಅದರಲ್ಲಿ ಕೋಟ್ಯಂತರ ಜೀವ ಇದೆ!"

"ಇಬ್ಬರಿಗೆ ಬಡಿಸೋದ್ರಲ್ಲೇ ನನ್ನ ಸೊಂಟ ಬಿದ್ದುಹೋಯ್ತು. ಆ ಕೋಟಿ ಜನಕ್ಕೂ ಎಲೆ ಹಾಕ್ಲಾ?"

ಇಂಥ ಭಾವನಿಗೆ ಒಂದು ಪಾತಾಳಗರಡಿ ಸಿಕ್ಕಿತು. ಬಾವಿಗೆ ಬಿದ್ದ ಬಿಂದಿಗೆ, ಚೊಂಬುಗಳನ್ನು ಎತ್ತುವ ಕೊಕ್ಕೆಗಳ ಗೊಂಚಲು ಅದು. ಪೇಟೆಯ ಕುಲುಮೆ ಸಾಬರು ಹಳೆಯ ಗಾಡಿ ಪಟ್ಟಿಯನ್ನು ಬಡಿದು ಮಾಡಿಕೊಟ್ಟು, "ಜ್ವಾಪಾನ ಮೇಷ್ಟ್ರೇ, ಯುದ್ಧ ಮುಗಿಯೋಗಂಟ ಇನ್ನೊಂದು ಮಾಡಾಕೆ ಕಬ್ಬಿಣ ಸಿಗಾಕಿಲ್ಲ" ಎಂದಿದ್ದರು.

ಬೀದಿಗೆಲ್ಲ ಒಂದೇ ಗರಡಿ ಇದ್ದರೆ ಅದಕ್ಕೊಂದು ಕಟ್ಟಳೆ ಇರುತ್ತದೆ. ಕೇಳಲು ಬಂದವರು ಒಂದು ಚೊಂಬನ್ನು ಒತ್ತೆ ಇಟ್ಟು ಒಯ್ಯಬೇಕು, ಗರಡಿ ತಂದುಕೊಟ್ಟು ಚೊಂಬು ಬಿಡಿಸಿಕೊಳ್ಳಬೇಕು. ಒತ್ತೆಯಿಲ್ಲದೆ ಕೊಟ್ಟ ಗರಡಿ ಮನೆಯಿಂದ ಮನೆಗೆ ದಾಟಿ ಮಾಯವಾಗುತ್ತದೆ ಎಂಬುದು ಹಾಲು ಕುಡಿಯುವ ಮಗುವಿಗೂ ಗೊತ್ತು. ನಮ್ಮ ಭಾವನಿಗೆ ಗೊತ್ತಿರಬೇಡವೇ? ಮೊದಲ ಚೊಂಬನ್ನೇ ವಾಪಸು ಕಳಿಸಿಬಿಟ್ಟರು!

"ಕ್ರಿಮಿಗಳು ಒತ್ತೆ ಕೇಳ್ತಾವಾ?" ಎಂದರು ಅಕ್ಕನಿಗೆ. "ಮಣ್ಣಲ್ಲಿ ಕಬ್ಬಿಣಕ್ಕೆ ಬರವೇ? ಆದರೆ ಎಲ್ಲ ತುಕ್ಕಾಗಿ ಕೂತಿದೆ, ನೀರಲ್ಲಿ ಕರಗೊಲ್ಲ. ಬಾವಿ ತಳದ ಬಿಂದಿಗೆ ಹಾಗೆ. ಇದೆ, ಕೈಗೆ ಸಿಗೊಲ್ಲ. ಕಬ್ಬಿಣ ಇಲ್ಲದೆ ಕ್ರಿಮಿ ಬದುಕೊಲ್ಲ. ಅದಕ್ಕೇ ತಾನೇ ಒಂದು ಪಾತಾಳಗರಡಿ ಮಾಡಿ ಹೊರಗೆ ಎಸೆಯತ್ತೆ ಅಂತ ನನ್ನ ಊಹೆ. ಅದು ಹೋಗಿ ಕಬ್ಬಿಣ ಕಚ್ಚಿಕೊಂಡು ಬರತ್ತೆ."

"ಹಗ್ಗ?"

"ಹಗ್ಗವೇ ಇಲ್ಲ!"

"ದಾರೀಲಿ ಬೇರೆಯವರು ಎತ್ತಿಕೊಂಡ್ರೆ?"

"ಎತ್ತಿಕೊಳ್ಳಲಿ. ದನದ ಕರುಳಿನ ಒಂದು ಕ್ರಿಮಿ ಗಾಜಿನ ಬಟ್ಟಲಲ್ಲಿ ಒಂಟಿಯಾಗಿ ಬೆಳೆಯೋದೇ ಇಲ್ಲವಂತೆ. ಬೇರೆ ಕ್ರಿಮಿಯ ಸಾರ ಹಾಕಿದರೆ ಬೆಳೆಯತ್ತಂತೆ. ಅದು ಎರವಲು ಗರಡಿಯಲ್ಲದೆ ಮತ್ತೇನು?"

"ನಮ್ಮ ಬೀದೀಲಿ ಅಂಥ ಕ್ರಿಮಿಗಳೇ ಜಾಸ್ತಿ" ಎಂದು ಅಕ್ಕ ಒಲೆ ಊದಿದಳು.

ಭಾವನ ಊಹೆ ನಿಜವೋ ಸುಳ್ಳೋ ಹೇಳುವವರು ಆಗ ಯಾರಿದ್ದರು? ನನ್ನ ತಲೆ ನರೆತ ಮೇಲೆ, ಕಾಲೇಜು ಓದುವ ಮೊಮ್ಮಗಳು ಒಂದು ದಿನ ಹೇಳಿದಳು. ಕ್ರಿಮಿಯ ಆ ಗರಡಿಗೆ ಸಿಡರೊಫೋರ್ ಎಂದು ಹೆಸರಂತೆ. ಕಬ್ಬಿಣ ಸಾಲದೆ ಬಂದಾಗ ಬ್ಯಾಕ್ಟೀರಿಯಾ ಅದನ್ನು ತಯಾರಿಸುತ್ತದಂತೆ, ಸಾಕಷ್ಟು ಸಿಕ್ಕಾಗ ನಿಲ್ಲಿಸುತ್ತದಂತೆ. ಕಬ್ಬಿಣ ಹಿಡಿದು ಬಂದ ಗರಡಿಯನ್ನು ಗುರುತಿಸಿ ಒಳಬಿಡಲು ಅದರ ಮೈಮೇಲೆ ಬಾಗಿಲೇ ಇದೆಯಂತೆ! ತಾವು ಗರಡಿ ಮಾಡದೆ, ಬೇರೆಯವರ ಗರಡಿಗೆ ಬಾಗಿಲನ್ನಷ್ಟೇ ತೆರೆದು ಕೂತ ಠಕ್ಕರೂ ಇದ್ದಾರಂತೆ. ನಮ್ಮ ಬೀದಿ ನೆನಪಾಗಿ ನಗು ಬಂತು.

ಇರಲಿ. ಆ ಬೇಸಿಗೆಯಲ್ಲಿ ಗರಡಿ ಹೋದದ್ದು ಹೋಯಿತು, ಪತ್ತೆಯಿಲ್ಲ. ಆಗಲೇ ಅಕ್ಕನ ಹಿತ್ತಾಳೆ ಬಿಂದಿಗೆ ಹಗ್ಗ ಹರಿದು ಬಾವಿಗೆ ಬಿತ್ತು. ಅದು ನಮ್ಮಮ್ಮ ಸಾಯುವ ಮುಂಚೆ ಮಗಳಿಗೆಂದು ತನ್ನ ಕೈಯಾರೆ ಹುಣಸೆಹಣ್ಣು ಹಾಕಿ ತಿಕ್ಕಿ ಕೊಟ್ಟದ್ದು. ಅಮ್ಮನದು ಅಂತ ಅಕ್ಕನ ಹತ್ತಿರ ಉಳಿದದ್ದು ಅದೊಂದೇ. ಅಕ್ಕ ಬೈದಿದ್ದರೆ ಭಾವನಿಗೆ ಸಮಾಧಾನವಾಗುತ್ತಿತ್ತು. ಅವಳು ಬೈಯಲಿಲ್ಲ, ಬಾವಿಕಟ್ಟೆಯ ಮೇಲೆ ಕೂತು ಒಳಗೆ ನೋಡುತ್ತಿದ್ದಳು.

ಭಾವ ಸೈಕಲ್ ತೆಗೆದರು. ನಾನು ಹಿಂದೆ ಕೂತೆ. ಮೊದಲು ಪಕ್ಕದ ಬೀದಿಯ ಗೌಡರನ್ನು ಕೇಳಿದೆವು.

"ಗೆಜ್ಜಲಗೆರೆಗೆ ನಮ್ ಬೀಗರ್ ಮನೆಗೆ ಕೊಟ್ಟಿವ್ನಿ ಮೇಷ್ಟ್ರೇ."

"ಒತ್ತೆ ಇಸ್ಕೊಂಡಿದ್ದೀರಾ?"

"ಕ್ರಿಮಿ ಒತ್ತೆ ಕೇಳಾಕಿಲ್ಲ ಅಂತ ನೀವೇ ಏಳಿದ್ರಲ್ಲಾ!"

ಗುರುವಿಗೆ ತಿರುಮಂತ್ರ! ಭಾವ ಪೆಡಲ್ ತುಳಿದರು. ಗೆಜ್ಜಲಗೆರೆಯವರು ಮಂಡ್ಯದ ಕಡೆ ಕೈ ತೋರಿಸಿದರು. ಮಂಡ್ಯದಲ್ಲಿ ಗರಡಿ ಪಡೆದವರು ಅದನ್ನು ಬಸರಾಳಿನ ತಂಗಿಗೆ ಕೊಟ್ಟಿದ್ದರು. ನಮ್ಮ ಗರಡಿ ಕಂಡಷ್ಟು ಊರನ್ನು ನಾನೂ ಕಂಡಿರಲಿಲ್ಲ! ಅದಕ್ಕೆ ಮಡಿಯಿಲ್ಲ, ಮೈಲಿಗೆಯಿಲ್ಲ, ಎಲ್ಲರ ಬಾವಿಯಲ್ಲೂ ಮಿಂದಿತ್ತು. ಮರುದಿನ ಬಸರಾಳು ತಲುಪಿದಾಗ ಆ ತಂಗಿ ಎಂಬ ಮುದುಕಿ ಹೇಳಿದಳು:

"ನೆನ್ನೆನೇ ಮದ್ದೂರ್ ಕಡೆ ಗಾಡೀಲಿ ಕಳಿಸ್ಬುಟ್ಟೆ ಕಣಪ್ಪ. ಚೊಂಬು ಮಡಗಿದ್ರೆ ನಿಧಾನುಕ್ಕೆ ಕೊಡ್ತಿದ್ದೆ. ಏನೂ ಈಸ್ಕಳ್ದೆ ಕೊಟ್ಟವ್ರೆ, ಮಡಿಕಳಾಕೆ ಮನಸ್ ಬರ್ನಿಲ್ಲ."

ಭಾವ ನನ್ನ ಕಡೆ ತಿರುಗಿ ನಕ್ಕರು. ವಾಪಸು ಬರುವಾಗ ಇಳಿಜಾರಿಲ್ಲದ ಕಡೆಯೂ ಸೈಕಲ್ ಓಡಿತು.

ಮನೆಗೆ ಬಂದಾಗ ಅಕ್ಕ ಬಾವಿಕಟ್ಟೆಯ ಮೇಲೆ ಗರಡಿಯನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದಳು. ಯಾರೋ ಅದಕ್ಕೆ ಹೊಸ ಹಗ್ಗ ಕಟ್ಟಿದ್ದರು, ಇನ್ಯಾರೋ ಸೊಟ್ಟಗಾಗಿದ್ದ ಕೊಕ್ಕೆಯನ್ನು ಬಡಿಸಿ ನೆಟ್ಟಗೆ ಮಾಡಿಸಿದ್ದರು.

"ಬೆಳಿಗ್ಗೆಯೇ ಬಂತು" ಎಂದಳು. "ನೀವೇ ಇಳಿಸಿ ಅಂತ ಕಾದೆ."

ಭಾವ ಇಳಿಸಿದರು. ಮೊದಲು ಮೇಲೆ ಬಂದದ್ದು ನಮ್ಮ ಕಾಫಿ ಫಿಲ್ಟರಿನ ಮುಚ್ಚಳ! ಅದನ್ನು ಕದ್ದಳೆಂದು ಎದುರುಮನೆ ನಿಂಗಮ್ಮನೊಂದಿಗೆ ಅಕ್ಕ ಎರಡು ವರ್ಷದಿಂದ ಮಾತು ಬಿಟ್ಟಿದ್ದಳು. ಅಕ್ಕ ಅದನ್ನು ಸೆರಗಿನಡಿ ಮುಚ್ಚಿಕೊಂಡಳು. ಆಮೇಲೆ ಬಿಂದಿಗೆ ಬಂತು, ನೆಗ್ಗಿತ್ತು. ಅಕ್ಕ ಅದನ್ನು ತಬ್ಬಿಕೊಂಡು ಅತ್ತಳು.

"ಈಗಲಾದ್ರೂ ಒಪ್ಪುತ್ತೀಯಾ, ಕ್ರಿಮಿಗಳಿಗೆ ಬುದ್ಧಿ ಇದೆ ಅಂತ?"

"ಇದೆ. ನಿಮಗಿಲ್ಲ. ನಾಳೆಯಿಂದ ಒತ್ತೆ ಇಸ್ಕೋತೀನಿ!"

ಇಸಿದುಕೊಂಡಳು ಕೂಡ. ಅಂದಿನಿಂದ ಜಗಲಿಯ ಮೇಲೆ ಯಾರದಾದರೂ ಚೊಂಬು ಇರದ ದಿನವಿಲ್ಲ.

ಸ್ವಾತಂತ್ರ್ಯ ಬರುವ ಹಿಂದಿನ ಬೇಸಿಗೆಯಲ್ಲಿ ಭಾವ ಟೈಫಾಯ್ಡ್ ಜ್ವರದಲ್ಲಿ ತೀರಿಕೊಂಡರು. ಕ್ರಿಮಿಗಳನ್ನು ಅಷ್ಟು ನಂಬಿದ್ದವರನ್ನು ಕ್ರಿಮಿಗಳೇ ಕೊಂಡುಹೋದವು. ನನಗೆ ಇವತ್ತಿಗೂ ಆ ಸಿಟ್ಟು ಹೋಗಿಲ್ಲ.

ಕರ್ಮಗಳೆಲ್ಲ ಮುಗಿದ ಮೇಲೆ ಒಂದು ಬೆಳಿಗ್ಗೆ ನಿಂಗಮ್ಮ ಅಳುಕುತ್ತ ಬಂದು ಬಾಗಿಲಲ್ಲಿ ನಿಂತಳು, ಕೈಯಲ್ಲಿ ಚೊಂಬು. "ಬಿಂದ್ಗೆ ಬಾವಿಗ್ ಬಿದ್ಬುಡ್ತು ಕಣವ್ವ. ಇಂಥಾ ಒತ್ನಲ್ಲಿ ಕೇಳಬಾರ್ದು..."

ಅಕ್ಕ ಎದ್ದು ಗೂಟದಿಂದ ಗರಡಿ ತೆಗೆದು ಅವಳ ಕೈಗಿಟ್ಟಳು. ಅವಳು ಒತ್ತೆಗೆಂದು ಜಗಲಿಯ ಮೇಲಿಟ್ಟ ಚೊಂಬನ್ನೂ ಎತ್ತಿ ಅವಳಿಗೇ ವಾಪಸು ಕೊಟ್ಟಳು.

"ತಗೊಂಡ್ಹೋಗು ನಿಂಗಮ್ಮ" ಎಂದಳು. "ಕ್ರಿಮಿಗಳು ಒತ್ತೆ ಕೇಳ್ತಾವಾ?"